ಸಿಂಕ್ರೊಟ್ರಾನ್ (ಎಲೆಕ್ಟ್ರಾನ್‌ಗಳನ್ನು ರಿಂಗ್‌ನಲ್ಲಿ ಸುತ್ತಿಸಿ ಎಕ್ಸ್‌ರೇ ಹುಟ್ಟಿಸುವ ಯಂತ್ರ) ಅಪ್‌ಗ್ರೇಡ್ ಆಗುವಾಗ ನಮ್ಮ ಬೀಮ್‌ಲೈನ್‌ಗೆ (ಆ ಎಕ್ಸ್‌ರೇ ಬಳಸುವ ಪ್ರಯೋಗದ ಸಾಲಿಗೆ) ಮೊದಲು ಏನು ಕೊಳ್ಳಬೇಕು: ಎಕ್ಸ್‌ರೇ ಸೆರೆಹಿಡಿಯುವ ಡಿಟೆಕ್ಟರಾ, ಎಲೆಕ್ಟ್ರಾನ್‌ಗಳನ್ನು ಓಲಾಡಿಸಿ ಎಕ್ಸ್‌ರೇ ಹೊಮ್ಮಿಸುವ ಮ್ಯಾಗ್ನೆಟ್ ಸಾಲು ಅಂಡ್ಯುಲೇಟರಾ?

ಇದೇ ಜಗಳದಲ್ಲಿ ನಾವೂ ತಿಂಗಳುಗಟ್ಟಲೆ ಕಳೆದೆವು. ಕೊನೆಗೆ ಡಿಟೆಕ್ಟರ್ ಗೆದ್ದಿತು. ಕಿರಣವನ್ನು ಪಕ್ಕಕ್ಕೆ ತಿರುಗಿಸುವ ಹಳೇ ಕನ್ನಡಿ ಕಡೆ ಯಾರೂ ನೋಡಲಿಲ್ಲ. 'ಚೆನ್ನಾಗೇ ಇದೆ, ಇರಲಿ ಬಿಡಿ' ಅಂದವನು ನಾನೇ. ರೇ ಟ್ರೇಸಿಂಗ್ (ಕಿರಣದ ದಾರಿಯ ಕಂಪ್ಯೂಟರ್ ಲೆಕ್ಕ) ಮಾಡಿದ್ದೆ, ಆದರೆ ಅದರಲ್ಲಿ ಕನ್ನಡಿಗೆ ಕುಂದೂ ಇರಲಿಲ್ಲ, ನಡುಕವೂ ಇರಲಿಲ್ಲ.

ಹಳೇ ರಿಂಗ್‌ಗಳಲ್ಲಿ ಎಲೆಕ್ಟ್ರಾನ್ ಕಿರಣ ಎತ್ತರದಲ್ಲಿ ಮೊದಲಿಂದಲೂ ತೆಳು, ಅಗಲದಲ್ಲಿ ಮಾತ್ರ ಹರಡಿಕೊಂಡಿರುತ್ತದೆ. ಹೊಸ ಮಲ್ಟಿಬೆಂಡ್ ವಿನ್ಯಾಸದಲ್ಲಿ ಜಾಸ್ತಿ ಮ್ಯಾಗ್ನೆಟ್ ಇಟ್ಟು ಸ್ವಲ್ಪ ಸ್ವಲ್ಪವೇ ಬಗ್ಗಿಸುತ್ತಾರೆ. ಅದರಿಂದ ಕುಗ್ಗುವುದು ಈ ಅಗಲವೇ. ಫ್ರಾನ್ಸ್‌ನ ಗ್ರೆನೋಬಲ್‌ನಲ್ಲಿರುವ ಸಿಂಕ್ರೊಟ್ರಾನ್ ಇಎಸ್‌ಆರ್‌ಎಫ್ 2018ರ ಡಿಸೆಂಬರ್‌ನಲ್ಲಿ ನಿಂತು 2020ರ ಆಗಸ್ಟ್‌ನಲ್ಲಿ ಮತ್ತೆ ತೆರೆದಾಗ, ಅಡ್ಡ ಎಮಿಟೆನ್ಸ್ (ಕಿರಣದ ಅಗಲ, ಹರಡುವಿಕೆ ಎರಡನ್ನೂ ಸೇರಿಸಿದ ಅಳತೆ) 4 ನ್ಯಾನೊಮೀಟರ್-ರೇಡಿಯನ್‌ನಿಂದ ಸುಮಾರು 0.13ಕ್ಕೆ ಇಳಿದಿತ್ತು.

ಈಗ ಲೆಕ್ಕ ನೋಡಿ. ಎಕ್ಸ್‌ರೇ ಹುಟ್ಟುವ ಮೂಲದಿಂದ, ಅಂದರೆ ಆ ಎಲೆಕ್ಟ್ರಾನ್ ಕಿರಣದಿಂದ, 30 ಮೀಟರ್ ದೂರದ ಕನ್ನಡಿ 1 ಮೈಕ್ರೊರೇಡಿಯನ್ ಅಲುಗಿದರೆ ಕಿರಣ ಅದರ ಎರಡರಷ್ಟು ತಿರುಗುತ್ತದೆ. ಮುಂದಿರುವ ಲೆನ್ಸ್‌ಗೆ ಮೂಲವೇ 60 ಮೈಕ್ರಾನ್ ಪಕ್ಕಕ್ಕೆ ಸರಿದ ಹಾಗೆ. ಮೂಲ ನೂರಾರು ಮೈಕ್ರಾನ್ ಅಗಲ ಇದ್ದಾಗ ಇದು ಯಾರಿಗೂ ಗೊತ್ತಾಗುವುದಿಲ್ಲ. ಅದೇ 30 ಮೈಕ್ರಾನ್ ಆಸುಪಾಸಿಗೆ ಬಂದರೆ ಎಲ್ಲವೂ ಬಯಲು. ಕೂಲಿಂಗ್ ನೀರಿನ ನಡುಕ ನಮ್ಮಲ್ಲಿ ಮುಂಚೆಯೂ ಇತ್ತು, ಕಂಡಿದ್ದು ಮಾತ್ರ ಹೊಸ ಕಿರಣ ಬಂದ ಮೇಲೆ. ಕೊಹೆರೆನ್ಸ್ (ಬೆಳಕಿನ ಅಲೆಗಳು ಒಂದೇ ಲಯದಲ್ಲಿರುವ ಗುಣ) ಹೆಚ್ಚಿದ್ದರಿಂದ ಕನ್ನಡಿ ಮೈಯ ಸಣ್ಣ ಏರಿಳಿತಗಳೂ ಚಿತ್ರದ ತುಂಬಾ ಪಟ್ಟೆಯಾಗಿ ಬಿದ್ದವು. ಹೊಸ ಡಿಟೆಕ್ಟರ್ ಆ ಪಟ್ಟೆಗಳನ್ನು ಬಹಳ ಚೆನ್ನಾಗಿ ಸೆರೆಹಿಡಿಯಿತು! ಬೇರೆ ಕನ್ನಡಿ ಆರ್ಡರ್ ಮಾಡಿ ಕೈಗೆ ಬರಲು ವರ್ಷದ ಮೇಲಾಯಿತು. ಅಲ್ಲಿವರೆಗೂ ಸ್ಲಿಟ್ (ಕಿರಣ ಹಾಯುವ ಸೀಳುಕಿಂಡಿ) ಕಿರಿದು ಮಾಡಿಕೊಂಡು, ಬಂದ ಬೆಳಕನ್ನೇ ಎಸೆಯುತ್ತಾ ಕೂತೆವು.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ರಿಂಗ್ ಇನ್ನೂ ಓಡುತ್ತಿದೆ ಅಲ್ವಾ? ಕೊಳ್ಳುವ ಮಾತು ಬಿಟ್ಟು ಕನ್ನಡಿ, ಮೊನೊಕ್ರೊಮೇಟರ್‌ಗಳ (ಒಂದೇ ಶಕ್ತಿಯ ಎಕ್ಸ್‌ರೇ ಆರಿಸುವ ಸಾಧನ) ನಡುಕ ಅಳೆಯಿರಿ. ಕನ್ನಡಿಗೂ ಮುಂಚಿನ ಅಡ್ಡ ಸ್ಲಿಟ್ ಕಿರಿದು ಮಾಡಿದರೆ ಸಣ್ಣ ಮೂಲ ಹೇಗೆ ವರ್ತಿಸುತ್ತದೆ ಅನ್ನುವ ಅಂದಾಜು ಈಗಲೇ ಸಿಗುತ್ತದೆ. ರಿಂಗ್ ನಿಂತ ಮೇಲೆ ಕಿರಣವಿಟ್ಟು ಅಳೆಯುವುದಕ್ಕೆ ಆಗಲ್ಲ.

ಅಂಡ್ಯುಲೇಟರ್ ಬಗ್ಗೆ, ರಿಂಗ್‌ನ ಎಲೆಕ್ಟ್ರಾನ್ ಶಕ್ತಿ ಬದಲಾಗುವುದಿದ್ದರೆ ಮಾತ್ರ ತಲೆ ಕೆಡಿಸಿಕೊಳ್ಳಿ. ಅಮೆರಿಕದ ಸಿಂಕ್ರೊಟ್ರಾನ್ ಎಪಿಎಸ್ 7ರಿಂದ 6 ಜಿಇವಿಗೆ (ಎಲೆಕ್ಟ್ರಾನ್ ಶಕ್ತಿಯ ಅಳತೆ) ಇಳಿಯಿತು. ಅಷ್ಟು ಇಳಿದರೆ ಅದೇ ಅಂಡ್ಯುಲೇಟರ್, ಮ್ಯಾಗ್ನೆಟ್ ಸಾಲುಗಳ ನಡುವಿನ ಅದೇ ಗ್ಯಾಪ್‌ನಲ್ಲಿ, ಕೊಡುವ ಎಕ್ಸ್‌ರೇ ಶಕ್ತಿ ಕಾಲು ಭಾಗಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ. ಡಿಟೆಕ್ಟರ್ ಕೊನೆಗೆ ಕೊಳ್ಳಿ. ಅಷ್ಟರಲ್ಲಿ ಇನ್ನೂ ವೇಗದ್ದು ಬಂದಿರುತ್ತದೆ. ಅದು ಸುರಿಯುವ ಡೇಟಾ ಎಲ್ಲಿಡುತ್ತೀರಿ ಅಂತ ಕಂಪ್ಯೂಟರ್ ವಿಭಾಗದವರನ್ನು ಮೊದಲೇ ಕೇಳಿಟ್ಟಿರಿ.