‘ಏನೂ ಆಗಲ್ಲ’ ಎಂದರೆ ಸಾಲದು

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ. ಪದೇ ಪದೇ ಗಂಟಲು ನೋವು, ಜ್ವರ. ಬೇಸಿಗೆ ರಜೆಯಲ್ಲಿ ಟಾನ್ಸಿಲ್ ತೆಗೆಸಿಬಿಡಿ ಎಂದು ಡಾಕ್ಟರು ಹೇಳಿದ್ದಾರೆ. ತೊಂದರೆ ಏನಾದರೂ ಆಗಬಹುದಾ ಎಂದು ಕೇಳಿದೆ. ‘ಸಣ್ಣ ಆಪರೇಷನ್ನಮ್ಮ, ಏನೂ ಆಗಲ್ಲ’ ಎಂದು ಫಾರಂಗೆ ಸಹಿ ಹಾಕಿಸಿಕೊಂಡರು. ಮನೆಯಲ್ಲಿ ಮತ್ತೆ ಅದೇ ಮಾತೆತ್ತಿದ್ದಕ್ಕೆ ಅತ್ತೆ ‘ಬಿಡ್ತು ಅನ್ನು’ ಎಂದು ಗದರಿದರು. ನಾನು ಕೇಳಿದ್ದು ತಪ್ಪಾ?
– ಓದುಗರು, ದಾವಣಗೆರೆ

ಉತ್ತರ: ನೀವು ಕೇಳಿದ್ದು ತಪ್ಪಲ್ಲ. ಉತ್ತರ ಕೊಡದೆ ಸಹಿ ಹಾಕಿಸಿಕೊಂಡದ್ದು ತಪ್ಪು.

ಅಪೆಂಡಿಕ್ಸ್ ಒಡೆದ ಮಗುವನ್ನು ಎತ್ತಿಕೊಂಡು ಬಂದವರಿಗೆ ಯೋಚಿಸಲು ಪುರುಸೊತ್ತು ಇರುವುದಿಲ್ಲ. ಟಾನ್ಸಿಲ್‌ನದು ದಿನ ನೋಡಿ ಮಾಡಿಸುವ ಆಪರೇಷನ್. ಹಾಗಾಗಿ ಅಪಾಯದ ಮಾತಿಗೂ ಮೊದಲು, ಇದು ಬೇಕೇ ಬೇಕಾ ಎಂದು ಕೇಳಿ. ಗಂಟಲಿನ ಸೋಂಕಿಗೆಂದು ತೆಗೆಯುವಾಗ ನಾವು ನೋಡುವ ಲೆಕ್ಕ ಒಂದಿದೆ: ಒಂದೇ ವರ್ಷದಲ್ಲಿ 7 ಸಲ, ಇಲ್ಲವೇ ಸತತ ಎರಡು ವರ್ಷ, ವರ್ಷಕ್ಕೆ 5 ಸಲದಂತೆ, ಇಲ್ಲವೇ ಸತತ ಮೂರು ವರ್ಷ, ವರ್ಷಕ್ಕೆ 3 ಸಲದಂತೆ ಬಂದಿರಬೇಕು. ಬರೀ ನೆಗಡಿ-ಕೆಮ್ಮು ಇದರಲ್ಲಿ ಸೇರುವುದಿಲ್ಲ. ಜ್ವರ, ಟಾನ್ಸಿಲ್ ಮೇಲೆ ಕೀವು, ಕುತ್ತಿಗೆಯಲ್ಲಿ ಗಂಟು, ಇಂಥದ್ದು ಡಾಕ್ಟರ ಚೀಟಿಯಲ್ಲಿ ಬರೆದಿರಬೇಕು. ಹಳೆಯ ಚೀಟಿಗಳನ್ನೆಲ್ಲ ಹರಡಿಕೊಂಡು ಎಣಿಸಿ ನೋಡಿ. ಲೆಕ್ಕ ತುಂಬದಿದ್ದರೆ ಕಾಯಬಹುದು. ಎಷ್ಟೋ ಮಕ್ಕಳಲ್ಲಿ ಬೆಳೆಯುತ್ತ ಬೆಳೆಯುತ್ತ ತಾನಾಗಿ ಕಡಿಮೆಯಾಗುತ್ತದೆ. ಗೊರಕೆ ಹೊಡೆಯುತ್ತ ನಿದ್ದೆಯಲ್ಲಿ ಉಸಿರು ಕಟ್ಟುವ ಮಗುವಿನ ಮಾತು ಬೇರೆ. ಅಂಥವರಿಗೆ ಈ ಆಪರೇಷನ್ನಿನಿಂದ ನಿಜಕ್ಕೂ ಒಳ್ಳೆಯದಾಗುವುದನ್ನು ಕಂಡಿದ್ದೇನೆ.

ಇನ್ನು ಅಪಾಯ. ಮುಖ್ಯವಾದದ್ದು ರಕ್ತಸ್ರಾವ. 2003-04ರಲ್ಲಿ ಇಂಗ್ಲೆಂಡ್, ಉತ್ತರ ಐರ್ಲೆಂಡ್‌ಗಳಲ್ಲಿ ಸಾವಿರಾರು ಟಾನ್ಸಿಲ್ ಆಪರೇಷನ್‌ಗಳ ಲೆಕ್ಕ ಇಟ್ಟಾಗ, ದೊಡ್ಡವರೂ ಮಕ್ಕಳೂ ಸೇರಿ 100ರಲ್ಲಿ ಮೂರ್ನಾಲ್ಕು ಮಂದಿಗೆ ರಕ್ತ ಬಂದಿತ್ತು. ಮಕ್ಕಳಲ್ಲಿ ಕಡಿಮೆ. ಬಹಳಷ್ಟು ಸಲ ನಿಲ್ಲುತ್ತದೆ, ಕೆಲವರನ್ನು ಮತ್ತೆ ಆಪರೇಷನ್ ಥಿಯೇಟರಿಗೆ ಒಯ್ಯಬೇಕಾಗುತ್ತದೆ. ತೀರಾ ಅಪರೂಪಕ್ಕೆ ಜೀವವೂ ಹೋಗುತ್ತದೆ. ಇದನ್ನು ಬರೆಯಲು ಕೈ ಬಾರದು, ಆದರೂ ಸಹಿ ಹಾಕುವವರಿಗೆ ಗೊತ್ತಿರಬೇಕು.

ಈ ರಕ್ತ ಆಸ್ಪತ್ರೆಯಲ್ಲಿದ್ದಾಗಲೇ ಬರಬೇಕೆಂದಿಲ್ಲ. ಐದರಿಂದ ಹತ್ತನೆಯ ದಿನದೊಳಗೆ, ಗಾಯದ ಮೇಲಿನ ಬಿಳಿ ಪೊರೆ ಕಳಚುವ ಹೊತ್ತಿಗೆ, ಇನ್ನೇನು ವಾಸಿಯಾಯಿತು ಎಂದುಕೊಂಡಿರುವಾಗ ಬರುತ್ತದೆ. ವರ್ಷಗಳ ಹಿಂದೆ ನಾನೇ ಒಬ್ಬ ತಾಯಿಗೆ ‘ಏನೂ ಆಗಲ್ಲ’ ಎಂದು ಹೇಳಿ ಕಳಿಸಿದ್ದೆ. ಏಳನೆಯ ರಾತ್ರಿ ಮಗು ರಕ್ತ ಉಗುಳಿತು. ನನ್ನ ಮಾತು ನಂಬಿದ್ದ ಅವರು ಅರಿಶಿನದ ಹಾಲು ಕುಡಿಸಿ ಬೆಳಗಿನ ಮೊದಲ ಬಸ್ಸಿಗೆ ಕಾದರು. ರಕ್ತ ಏರಿಸಿದೆವು, ಮಗು ಉಳಿಯಿತು. ಆಮೇಲೆ ಆ ಮಾತನ್ನು ನಾನು ಯಾರಿಗೂ ಹೇಳಿಲ್ಲ.

ನೀವು ಮಾಡಿಸುವುದೇ ಆದರೆ ಎರಡು ವಾರ ಊರು, ಜಾತ್ರೆ, ಮದುವೆ ಎಂದು ಆಸ್ಪತ್ರೆಯಿಂದ ದೂರ ಹೋಗಬೇಡಿ. ಕೆಂಪು ರಕ್ತ ಚೂರೇ ಕಂಡರೂ ನಡುರಾತ್ರಿಯಾಗಿರಲಿ, ಹೊರಡಿ. ಮನೆಯಲ್ಲಿ ಯಾರಿಗಾದರೂ ಹಲ್ಲು ಕೀಳಿಸಿದಾಗಲೋ ಹೆರಿಗೆಯಲ್ಲೋ ರಕ್ತ ನಿಲ್ಲದೆ ಪೇಚಾಡಿದ್ದರೆ ಮೊದಲೇ ತಿಳಿಸಿ. ಆ ವಾರ ಮಗುವಿಗೆ ನೆಗಡಿಯಾಗಿದ್ದರೆ ಅರಿವಳಿಕೆ ಡಾಕ್ಟರಿಂದ ಮುಚ್ಚಿಡಬೇಡಿ. ಉಸಿರಾಟದ ತೊಂದರೆ ಹೆಚ್ಚುತ್ತದೆ, ದಿನ ಮುಂದೆ ಹಾಕಿದರೆ ನಷ್ಟವಿಲ್ಲ. ನೋವಿಗೆ ಕೊಡೀನ್, ಟ್ರಮಡಾಲ್ ಬರೆದಿದ್ದರೆ ಬೇರೆ ಔಷಧಿ ಕೇಳಿ. ಕೆಲವು ಮಕ್ಕಳ ದೇಹ ಕೊಡೀನನ್ನು ಬಲುಬೇಗ ಮಾರ್ಫಿನ್ ಎಂಬ ಜೋರಾದ ನೋವಿನ ಔಷಧಿಯಾಗಿ ಮಾಡಿಬಿಡುತ್ತದೆ, ಅದರಿಂದ ಉಸಿರು ಕುಂದುತ್ತದೆ. ಮಕ್ಕಳು ಸತ್ತ ಮೇಲೆ ಅಮೆರಿಕದ ಔಷಧ ಇಲಾಖೆ 2013ರಲ್ಲಿ ಟಾನ್ಸಿಲ್ ತೆಗೆಸಿಕೊಂಡ ಮಕ್ಕಳಿಗೆ ಕೊಡೀನ್ ಕೊಡಬಾರದೆಂದು ಕಟ್ಟೆಚ್ಚರಿಕೆ ಹೊರಡಿಸಿತು.

ಸಹಿ ಹಾಕಿಯಾಯಿತಲ್ಲ ಎಂದು ಅಳುಕಬೇಡಿ, ಹಿಂದಕ್ಕೆ ಪಡೆಯಬಹುದು. ಚಿಕಿತ್ಸೆ ಏನು, ಲಾಭವೇನು, ಬೇರೆ ದಾರಿ ಇದೆಯೇ, ದೊಡ್ಡ ಅಪಾಯಗಳೇನು, ಮಾಡಿಸದಿದ್ದರೆ ಏನಾದೀತು, ಇಷ್ಟನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ.

ಅತ್ತೆಯವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಕೆಟ್ಟ ಮಾತಿಗೆ ಅಸ್ತು ದೇವತೆಗಳು ಅಸ್ತು ಅಂದುಬಿಟ್ಟಾರು ಎಂಬ ಹೆದರಿಕೆ, ಅದರ ಹಿಂದಿರುವುದು ಮೊಮ್ಮಗನ ಮೇಲಿನ ಜೀವ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಏಳನೆಯ ರಾತ್ರಿ ಮಗುವಿನ ಪಕ್ಕ ಮಲಗುವವರು ಅವರೇ ಇರಬಹುದು.

ಮಗನಿಗೂ ಹೇಳಿ. ಐಸ್‌ಕ್ರೀಂ ಕೊಡಿಸುತ್ತೇವೆ ಎಂದಷ್ಟೇ ಹೇಳಿ ಕರೆದೊಯ್ಯಬೇಡಿ. ವಾರಕ್ಕೂ ಮೇಲೆ ಗಂಟಲು ನೋಯುತ್ತದೆ, ಕಿವಿಯೂ ನೋಯಬಹುದು, ಬಾಯಲ್ಲಿ ಕೆಂಪಗೆ ಏನಾದರೂ ಬಂದರೆ ತಕ್ಷಣ ಅಮ್ಮನನ್ನು ಎಬ್ಬಿಸಬೇಕು. ಇಷ್ಟು ಆರು ವರ್ಷದವನಿಗೆ ಅರ್ಥವಾಗುತ್ತದೆ.