ಜಾಹೀರಾತಿಗೆ ದುಡ್ಡಿಲ್ಲ. ಪರಿಚಯದವರ ಮೂಲಕವೇ ನನ್ನ ಸಣ್ಣ ವ್ಯಾಪಾರದ ವೆಬ್‌ಸೈಟಿಗೆ ಗಿರಾಕಿ ತರುವುದು ಹೇಗೆ?

ಹಳೆ ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹಾಕಿಕೊಡುವ ಕೆಲಸ ನಿಮ್ಮದು. ಲಿಂಕನ್ನು ಇರುವ ಎಲ್ಲ ವಾಟ್ಸಾಪ್ ಗ್ರೂಪ್‌ಗಳಿಗೂ ಹಾಕಿದೆ, ಲೈಕ್ ಬಂತೇ ಹೊರತು ಒಂದು ಫೋನೂ ಬರಲಿಲ್ಲ ಅಂತ ಬರೆದಿದ್ದೀರಿ. ಗ್ರೂಪಿಗೆ ಹಾಕಿದ ಲಿಂಕು ಯಾರೊಬ್ಬರಿಗೂ ತನಗೇ ಬಂದದ್ದು ಅನ್ನಿಸುವುದಿಲ್ಲ, ಅದಕ್ಕೇ ಹೀಗಾಗುತ್ತದೆ. ಕೇಳುವುದಾದರೆ ಒಬ್ಬೊಬ್ಬರನ್ನೇ ಕೇಳಿ, ಒಂದೇ ಒಂದು ಕೆಲಸ ಕೇಳಿ.

ಯಾರನ್ನು ಕೇಳಬೇಕು ಅನ್ನುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ನೆಂಟರು, ಆಪ್ತ ಗೆಳೆಯರು ಸಹಾಯ ಮಾಡಲು ತಯಾರಿರುತ್ತಾರೆ, ಆದರೆ ಅವರಿಗೆ ಗೊತ್ತಿರುವ ಜನ ನಿಮಗೂ ಗೊತ್ತಿರುವವರೇ. 1973ರಲ್ಲಿ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಚಯದವರ ಮೂಲಕ ನೌಕರಿ ಸಿಕ್ಕವರ ಪೈಕಿ ಆ ಪರಿಚಿತರನ್ನು ಪದೇ ಪದೇ ಭೇಟಿಯಾಗುತ್ತಿದ್ದವರು ಶೇ. 16.7ರಷ್ಟೇ. ಅಪರೂಪಕ್ಕೆ ಸಿಗುವ ಪರಿಚಿತರಿಗೆ ನಿಮಗೆ ಗೊತ್ತಿಲ್ಲದ ಜನ ಗೊತ್ತಿರುತ್ತಾರೆ, ಗಿರಾಕಿ ಹುಡುಕುವಾಗಲೂ ಅದೇ ಕಾರಣ ಕೆಲಸ ಮಾಡುತ್ತದೆ. ಹಾಗಾಗಿ ನಿಮ್ಮ ಗಿರಾಕಿಯ ಮನೆಗೆ ನಿಮಗಿಂತ ಮೊದಲು ಹೋಗುವವರು ಯಾರು ಅಂತ ಯೋಚಿಸಿ. ನಿಮ್ಮ ಕಸುಬಿನಲ್ಲಿ ಅದು ಪೇಂಟರ್. ಬಣ್ಣ ಹೊಡೆಯುವ ಮುಂಚೆ ಸೋಫಾವನ್ನು ಗೋಡೆಯಿಂದ ಎಳೆಯುತ್ತಾರೆ. ಹಿಂಬದಿ ಹರಿದದ್ದು, ಫೋಮ್ ಕುಸಿದದ್ದು ಮನೆಯವರ ಕಣ್ಣಿಗೆ ಬೀಳುವುದು ಆಗಲೇ. ಕರ್ಟನ್ ಹೊಲಿಯುವವರು, ಬಡಗಿಗಳು, ಮನೆ ಸಾಮಾನು ಸಾಗಿಸುವವರು ಆಮೇಲಿನವರು. ಇಂಥ ಹತ್ತು ಹದಿನೈದು ಜನರ ಪಟ್ಟಿ ಸಾಕು. ಐನೂರು ಕಾಂಟ್ಯಾಕ್ಟ್‌ಗಳಿಗೆ ಒಂದೇ ಸಲ ಕಳಿಸುವುದಕ್ಕಿಂತ ಇದು ಮೇಲು. ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ 256 ಜನರನ್ನು ಸೇರಿಸಬಹುದು, ನಿಜ. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡಿರದವರಿಗೆ ಆ ಮೆಸೇಜು ಹೋಗುವುದೇ ಇಲ್ಲ.

ಇನ್ನು ಮೆಸೇಜ್. "ನನ್ನ ವೆಬ್‌ಸೈಟ್ ಶೇರ್ ಮಾಡಿ" ಅಂದರೆ ಏನು ಬರೆಯಬೇಕು ಅನ್ನುವ ತಲೆನೋವು ಅವರದಾಗುತ್ತದೆ, ಅಲ್ಲಿಗೆ ವಿಷಯ ನಿಂತುಹೋಗುತ್ತದೆ. ಬರೆಯುವುದನ್ನು ನೀವೇ ಬರೆದುಕೊಡಿ, ಅದೂ ಅವರ ಬಾಯಲ್ಲಿ ಬರುವ ಹಾಗೆ:

"ನೀವು ಸೋಫಾ ಬಗ್ಗೆ ಕೇಳಿದ್ದಿರಲ್ಲ, ನನಗೆ ಗೊತ್ತಿರುವವರೊಬ್ಬರು ಹೊಸ ಬಟ್ಟೆ, ಫೋಮ್ ಹಾಕಿಕೊಡುತ್ತಾರೆ. ಮೂರು ಸೀಟಿನ ಸೋಫಾ ಮೊದಲು ಹೇಗಿತ್ತು, ಈಗ ಹೇಗಿದೆ, ಎಷ್ಟು ದಿನ ಹಿಡಿಯಿತು ಅಂತ ಈ ಲಿಂಕಿನಲ್ಲಿದೆ. ನಿಮ್ಮ ಸೋಫಾ ಫೋಟೊ ಕಳಿಸಿದರೆ ಖರ್ಚಿನ ಅಂದಾಜು ಹೇಳುತ್ತಾರೆ."

ಇದನ್ನು ಫಾರ್ವರ್ಡ್ ಮಾಡದೆ ಕಾಪಿ ಮಾಡಿ ಪೇಸ್ಟ್ ಮಾಡಲು ಹೇಳಿ. "ಫಾರ್ವರ್ಡೆಡ್" ಅನ್ನುವ ಪಟ್ಟಿ ಮೇಲೆ ಕೂತರೆ ಓದುವವರ ಆಸಕ್ತಿ ಅಲ್ಲೇ ಇಳಿಯುತ್ತದೆ. ಲಿಂಕ್ ಮುಖಪುಟದ್ದಲ್ಲ, ಆ ಒಂದು ಸೋಫಾದ ಪುಟದ್ದೇ ಆಗಿರಬೇಕು. ಪುಟದ ಕೊನೆಯಲ್ಲಿ ವಾಟ್ಸಾಪ್ ಬಟನ್ ಇಡಿ. ಅದರ ಲಿಂಕಿನಲ್ಲಿ ದೇಶದ ಕೋಡ್ ಸಮೇತ ನಂಬರ್ ಇರಬೇಕು, ಪ್ಲಸ್ ಚಿಹ್ನೆಯಾಗಲಿ ಮುಂದಿನ ಸೊನ್ನೆಯಾಗಲಿ ಇರಬಾರದು. ಬಟನ್ ಒತ್ತಿದರೂ ಚಾಟ್ ತೆರೆಯುತ್ತಿಲ್ಲ ಎಂದಾದರೆ ಮೊದಲು ಇದನ್ನೇ ನೋಡಿ.

ಲಿಂಕ್ ಕಳಿಸಿದಾಗ ಅದರ ಜೊತೆಗೆ ಫೋಟೊ ಬರುತ್ತದೆಯೇ ಅಂತ ನಿಮ್ಮದೇ ಇನ್ನೊಂದು ನಂಬರಿಗೆ ಕಳಿಸಿ ಪರೀಕ್ಷಿಸಿ. ಬರದಿದ್ದರೆ ಪುಟದ ಓಪನ್ ಗ್ರಾಫ್ ಟ್ಯಾಗ್‌ಗಳು (ಲಿಂಕಿನ ಜೊತೆ ಯಾವ ಚಿತ್ರ, ಶೀರ್ಷಿಕೆ ತೋರಿಸಬೇಕು ಅಂತ ಹೇಳುವ ಕೋಡ್ ಸಾಲುಗಳು) ಖಾಲಿ ಇರುತ್ತವೆ, ಇಲ್ಲವೇ ಚಿತ್ರ ವಿಪರೀತ ಭಾರವಾಗಿರುತ್ತದೆ. 1200 × 630 ಪಿಕ್ಸೆಲ್ ಅಳತೆಯ, 300 ಕೆಬಿ ಒಳಗಿನ ಚಿತ್ರ ಹಾಕಿ. ಚಿತ್ರ ಬದಲಿಸಿದ ಮೇಲೂ ಫೇಸ್‌ಬುಕ್‌ನಲ್ಲಿ ಹಳೆಯದೇ ಕಾಣುತ್ತಿದ್ದರೆ ಲಿಂಕ್ ಹೇಗೆ ಕಾಣುತ್ತದೆ ಅಂತ ಪರೀಕ್ಷಿಸುವ ಅದರ ಶೇರಿಂಗ್ ಡೀಬಗ್ಗರ್ ಪುಟದಲ್ಲಿ ವಿಳಾಸ ಹಾಕಿ ಮತ್ತೊಮ್ಮೆ ಓದಿಸಿ.

ಯಾರ ಮೂಲಕ ಯಾರು ಬಂದರು ಅಂತ ಗೊತ್ತಾಗದಿದ್ದರೆ ಮುಂದಿನ ಹೆಜ್ಜೆ ಇಡಲಾಗದು. ವಾಟ್ಸಾಪ್‌ನಿಂದ ಬಂದವರು, ವೆಬ್‌ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ನಲ್ಲಿ ಸಾಮಾನ್ಯವಾಗಿ "ಡೈರೆಕ್ಟ್" (ಎಲ್ಲಿಂದ ಬಂದರೆಂದು ಗೊತ್ತಿಲ್ಲದವರು) ಅಂತಲೇ ದಾಖಲಾಗುತ್ತಾರೆ. ಅದಕ್ಕೆ ಒಬ್ಬೊಬ್ಬರಿಗೂ ಬೇರೆ ಬೇರೆ ಯುಟಿಎಂ (ಯಾರ ಮೂಲಕ ಬಂದರು ಅಂತ ತಿಳಿಸಲು ವಿಳಾಸದ ಕೊನೆಗೆ ಹಾಕುವ ಗುರುತು) ಸೇರಿಸಿದ ಲಿಂಕ್ ಕೊಡಿ. ಆ ಗುರುತಿನಲ್ಲಿ ಹೆಸರುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರದಲ್ಲೇ ಬರೆಯಿರಿ. ಒಮ್ಮೆ ದೊಡ್ಡಕ್ಷರ, ಒಮ್ಮೆ ಸಣ್ಣಕ್ಷರ ಆದರೆ ಒಬ್ಬರದೇ ಲೆಕ್ಕ ಎರಡಾಗಿ ಒಡೆಯುತ್ತದೆ. ಇಷ್ಟೂ ಬೇಡವೆಂದರೆ ಫೋನ್ ಮಾಡಿದವರನ್ನು "ಯಾರು ಹೇಳಿದರು?" ಅಂತ ಕೇಳಿ ಪುಸ್ತಕದಲ್ಲಿ ಬರೆದಿಡಿ. ಸಣ್ಣ ವ್ಯಾಪಾರಕ್ಕೆ ಅದೂ ಧಾರಾಳ.

ಪೇಂಟರ್ ಕೈಗೆ ಕೊಡುವ ಕಾರ್ಡಿನಲ್ಲಿ ಕ್ಯೂಆರ್ ಕೋಡ್ ಹಾಕುವುದಾದರೆ 2 ಸೆಂ.ಮೀ.ಗಿಂತ ಚಿಕ್ಕದು ಬೇಡ, ಸುತ್ತ ಬಿಳಿ ಅಂಚು ಬಿಡಿ. ಕೋಡು ನೇರವಾಗಿ ನಿಮ್ಮ ವೆಬ್‌ಸೈಟಿನ ವಿಳಾಸಕ್ಕೇ ಹೋಗಲಿ. ಬೇರೆಯವರ ಸೇವೆಯ ಮೂಲಕ ತಿರುಗಿ ಹೋಗುವ "ಡೈನಾಮಿಕ್" ಕೋಡಾದರೆ, ಆ ಖಾತೆಯ ಅವಧಿ ಮುಗಿದ ದಿನ ಅಚ್ಚಾದ ಕಾರ್ಡುಗಳೆಲ್ಲ ವ್ಯರ್ಥ.

ಗೂಗಲ್ ರಿವ್ಯೂ ಬರೆಸಲು ರಿಯಾಯಿತಿ ಕೊಡಬೇಡಿ, ಮನೆಯವರಿಂದಲೂ ಬರೆಸಬೇಡಿ. ಎರಡೂ ಗೂಗಲ್ ನಿಯಮಕ್ಕೆ ವಿರುದ್ಧ, ಆ ರಿವ್ಯೂಗಳನ್ನು ತೆಗೆದುಹಾಕುತ್ತಾರೆ. "ನಿಮ್ಮ ಲಿಂಕ್ ನಾನು ಹಾಕುತ್ತೇನೆ, ನನ್ನದು ನೀವು ಹಾಕಿ" ಅಂತ ಸಿಕ್ಕಸಿಕ್ಕವರ ಜೊತೆ ಒಪ್ಪಂದ ಮಾಡಿಕೊಳ್ಳುವುದನ್ನೂ ಗೂಗಲ್‌ನವರು ಸ್ಪ್ಯಾಮ್ ಅಂತಲೇ ಪರಿಗಣಿಸುತ್ತಾರೆ.

ಬಹಳ ಜನ ಬಿಟ್ಟುಬಿಡುವ ಕೆಲಸ ಒಂದಿದೆ: ಗಿರಾಕಿ ಕಳಿಸಿದವರಿಗೆ ಆಮೇಲೆ ಏನಾಯಿತು ಅಂತ ತಿಳಿಸುವುದು. ಶಿಫಾರಸು ಮಾಡಿದವರು ತಮ್ಮ ಮಾನವನ್ನೇ ಪಣಕ್ಕಿಟ್ಟಿರುತ್ತಾರೆ. ಫೋನ್ ಬಂದ ದಿನವೇ "ನೀವು ಹೇಳಿದವರು ಮಾತಾಡಿದರು, ನಾಳೆ ನೋಡಲು ಹೋಗುತ್ತೇನೆ" ಅಂತ ಎರಡು ಸಾಲು, ಕೆಲಸ ಮುಗಿದ ಮೇಲೆ ಗಿರಾಕಿಯ ಒಪ್ಪಿಗೆ ಕೇಳಿ ಒಂದು ಫೋಟೊ ಕಳಿಸಿ. ಕೆಲಸ ಒಪ್ಪಿಕೊಳ್ಳಲು ಆಗದಿದ್ದರೆ ಅದನ್ನೂ ಅಂದೇ ಹೇಳಿಬಿಡಿ, ಅವರು ಇನ್ನೊಬ್ಬರನ್ನು ಸೂಚಿಸಬಹುದು.