ಸಮ್ಮರ್ ಸ್ಕೂಲ್ ಪ್ರಾಜೆಕ್ಟ್ ನಮ್ಮ ಪಿಎಚ್‌ಡಿ ವಿಷಯಕ್ಕೆ ಹೊಂದಬೇಕಾ?

ಎರಡು ವಾರ ಪಾಠವೇ ಇಲ್ಲ, ಬರೀ ಪ್ರಾಜೆಕ್ಟ್: ಒಂದು ಸಮಸ್ಯೆ ಕೈಗೆ ಕೊಟ್ಟು ಅದರಿಂದಲೇ ಕಲಿಸುವ ಪದ್ಧತಿ (ಪ್ರಾಬ್ಲಮ್ ಬೇಸ್ಡ್ ಲರ್ನಿಂಗ್). ಥೀಸಿಸ್‌ಗೆ ಉಪಯೋಗ ಆಗೋ ವಿಷಯ ಹಿಡಿಯೋದು ಹೇಗೆ ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕಾಚಾರದಲ್ಲಿ ಹೋಗಿದ್ದೆ.

ಬೆಂಗಳೂರಿನಲ್ಲೇ, ಮೇ ತಿಂಗಳು. ಐದು ಜನರ ಗುಂಪು. ಕೈಗೆ ಕೊಟ್ಟಿದ್ದು ಒಂದೇ ಸಾಲು: ‘ಈ ಕೆರೆಯಲ್ಲಿ ಮೀನು ಯಾಕೆ ಸಾಯುತ್ತಿವೆ?’ ನನ್ನ ಪಿಎಚ್‌ಡಿ ಸೆನ್ಸರ್‌ಗಳ ಮೇಲೆ. ಇನ್ನೇನು ಬೇಕು! ನೀರಿನ ಆಮ್ಲಜನಕ ಅಳೆಯೋಣ ಅಂತ ಅರ್ಧ ಗಂಟೆಯಲ್ಲಿ ನಾನೇ ತೀರ್ಮಾನ ಮಾಡಿಬಿಟ್ಟೆ. ಏನು ಗೊತ್ತು, ಏನು ಗೊತ್ತಿಲ್ಲ ಅಂತ ಮೊದಲು ಬೋರ್ಡ್ ಮೇಲೆ ಬರೆಯಬೇಕಿತ್ತು. ಬರೆದೆವು, ಕಾಟಾಚಾರಕ್ಕೆ. ಮೇಷ್ಟ್ರು ಅದನ್ನು ನೋಡಿ ಒಂದೇ ಮಾತು ಕೇಳಿದರು: ‘ಸಾಯೋದು ಯಾವಾಗ?’ ನಾನು ‘ಬೇಸಿಗೆಯಲ್ಲಿ’ ಅಂತ ಗೀಚಿ, ಬಿಡಿಭಾಗ ತರಲು ಎಸ್.ಪಿ. ರೋಡಿಗೆ ಓಡಿದೆ.

ಎಂಟು ದಿನ ಅಳೆದೆವು. ಬೆಳಿಗ್ಗೆ ಎಲ್ಲರಿಗೂ ಲ್ಯಾಬ್ ಕೆಲಸ, ಹಾಗಾಗಿ ಹೋಗುತ್ತಿದ್ದದ್ದು ಮಧ್ಯಾಹ್ನ ಮೂರಕ್ಕೆ. ಲೀಟರಿಗೆ 8, 9 ಮಿಲಿಗ್ರಾಂ. ಮೀನಿಗೆ 4 ಆದರೂ ಇರಬೇಕು ಅನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಗ್ರಾಫ್ ಚೆಂದ ಬಂತು. ಆಮ್ಲಜನಕ ಸರಿಯಾಗಿದೆ, ಬೇರೇನೋ ವಿಷ ಇರಬೇಕು ಅಂತ ಬರೆದಿಟ್ಟೆವು.

ಒಂಬತ್ತನೇ ದಿನ ದಡದಲ್ಲಿ ಬಲೆಯ ಸಿಕ್ಕು ಬಿಡಿಸುತ್ತಿದ್ದ ಹಿರಿಯರೊಬ್ಬರು ಅಂದರು: ‘ಮೀನು ಬಾಯಿ ಬಿಡೋದು ಕೋಳಿ ಕೂಗೋ ಹೊತ್ತಲ್ಲಿ ಸಾರ್. ನೀವು ಬರೋದು ಉಂಡ ಮೇಲೆ.’

ಹಸಿರು ಪಾಚಿ ಬಿಸಿಲಿರುವ ತನಕ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೂ ಉಸಿರಾಡುತ್ತದೆ, ಕೊಳಚೆ ತಿನ್ನೋ ಬ್ಯಾಕ್ಟೀರಿಯಾಗಳಿಗಂತೂ ಬಿಡುವೇ ಇಲ್ಲ. ಬೆಳಗಾಗುವಷ್ಟರಲ್ಲಿ ಎಲ್ಲ ಖಾಲಿ. ಮಾರನೇ ದಿನ ಐದೂವರೆಗೆ ಅಳೆದರೆ 1.2. ಮೀನುಗಳು ಮೂತಿ ಮೇಲೆತ್ತಿ ಗಾಳಿ ಗುಟುಕರಿಸುತ್ತಿದ್ದವು.

ಮೇಷ್ಟ್ರು ಕೇಳಿದ್ದು ಹೊತ್ತು, ನಾನು ಹೇಳಿದ್ದು ಕಾಲ. ಸೆನ್ಸರ್ ಆಗಲೇ ತಲೆಯಲ್ಲಿ ಕೂತಿತ್ತು, ಪ್ರಶ್ನೆ ಕಿವಿಗೇ ಬೀಳಲಿಲ್ಲ. ಒಂದು ಬೆಳಗಿನ ಜಾವ ಹೋಗಿ ಸುಮ್ನೆ ಕೂತಿದ್ದರೆ ಸಾಕಿತ್ತು, ಯಂತ್ರವೇ ಬೇಡ. ಕೊನೆಗೆ ತೋರಿಸಲು ಉಳಿದದ್ದು ಆ ಒಂದು 1.2 ಮಾತ್ರ.

ಹಾಗಾಗಿ ಥೀಸಿಸ್‌ಗೆ ಹೊಂದುವ ಪ್ರಾಜೆಕ್ಟ್ ಹುಡುಕಲೇ ಬೇಡಿ. 1969ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ವಿದ್ಯಾರ್ಥಿಗಳಿಗೆ ಸಮಸ್ಯೆಯಿಂದ ಕಲಿಯುವ ಈ ಪದ್ಧತಿ ಶುರುವಾದಾಗಲೂ ಮೊದಲು ರೋಗಿ, ಆಮೇಲೆ ಪುಸ್ತಕ. ಗೈಡ್ ಗೊಣಗಿದರೆ ಗೊಣಗಲಿ. ಮೊದಲ ಎರಡು ದಿನ ಲ್ಯಾಪ್‌ಟಾಪ್ ಮುಟ್ಟಬೇಡಿ. ಕೆರೆಯೇ ಸಿಕ್ಕರೆ ಹಿಂದಿನ ರಾತ್ರಿಯೇ ಯಾರದ್ದಾದರೂ ಸ್ಕೂಟರ್ ಕೇಳಿಟ್ಟುಕೊಳ್ಳಿ, ಅಷ್ಟು ಬೆಳಿಗ್ಗೆ ಬಸ್ ನಂಬೋಕಾಗಲ್ಲ.